ಮಗಳ ರೋಸಿಗೆ ಉಳಿದ ಸ್ವರ

ನನಗೆ ಶೀತವಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರ್ಕಳದ ಬಸ್‌ಸ್ಟ್ಯಾಂಡಿನಿಂದ ಹಿಡಿದು ಬಜಗೋಳಿಯ ನಮ್ಮ ಶಾಲೆಯ ಗೇಟಿನವರೆಗೆ ನನ್ನ ಮಾತು ಕೇಳಿದವರೆಲ್ಲ "ಎಂತ ಟೀಚರ್, ಶೀತವಾ?" ಎಂದು ವಿಚಾರಿಸುತ್ತಾರೆ. ವಿಚಾರಿಸಿ ಸುಮ್ಮನಾಗುವುದೂ ಇಲ್ಲ, ಕಾಳುಮೆಣಸಿನ ಕಷಾಯ ಮಾಡುವ ಕ್ರಮವನ್ನೂ ಹೇಳಿಕೊಡುತ್ತಾರೆ. ಆ ಕಷಾಯಗಳನ್ನೆಲ್ಲ ಕುಡಿದಿದ್ದರೆ ಇಷ್ಟರಲ್ಲಿ ನನ್ನ ಹೊಟ್ಟೆ ಸುಟ್ಟು ಹೋಗುತ್ತಿತ್ತು. ನನ್ನ ಸ್ವರ ಈಗ ಇರುವುದೇ ಹೀಗೆ, ಸ್ವಲ್ಪ ಒಡಕು, ಸ್ವಲ್ಪ ಗಂಡಸಿನ ಹಾಗೆ.

ಕ್ರಿಸ್ಮಸ್ ಹತ್ತಿರ ಬಂದಿದೆ. ಮನೆಯಲ್ಲಿ ಕುಸ್ವಾರಿನ ತಿಂಡಿಗಳಿಗೆ ಎಣ್ಣೆ ಕಾಯುತ್ತಿದೆ. ಈ ಪರಿಮಳ ಮೂಗಿಗೆ ಬಿದ್ದರೆ ಸಾಕು, ಹೋದ ವರ್ಷ ಇದೇ ಹೊತ್ತಿಗೆ ನಾನು ಯಾವ ಸ್ಥಿತಿಯಲ್ಲಿದ್ದೆ ಎಂಬುದು ನೆನಪಾಗುತ್ತದೆ. ನೆನಪಾಗಿ, ಹೇಳಲು ನಾಚಿಕೆ, ಆ ವರ್ಷ ಇನ್ನೊಮ್ಮೆ ಬೇಕು ಅನಿಸುತ್ತದೆ. ಕಾಯಿಲೆ ಬೇಡ ಮಾರಾಯರೇ. ಆದರೆ ಆ ವರ್ಷ ಮನೆಯವರು ನನ್ನ ಜೊತೆ ಇದ್ದ ರೀತಿ ಉಂಟಲ್ಲ, ಅದು ಬೇಕು. ಈಗ ನಾನು ಹುಷಾರಾಗಿದ್ದೇನೆ, ಎಲ್ಲರೂ ಅವರವರ ಫೋನು ನೋಡುತ್ತಾ ಕುಳಿತಿದ್ದಾರೆ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ, ಈ ಹೊತ್ತಿಗೆ ಯಾವುದೋ ಆಸ್ಪತ್ರೆಯ ಕುರ್ಚಿಯಲ್ಲಿ ಫೈಲನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಸರು ಕರೆಯುವುದನ್ನೇ ಕಾಯುತ್ತಿರುವವರಿಗಾಗಿ. ಮನೆಯಲ್ಲಿ ನಮ್ಮದು ಕೊಂಕಣಿ. ಇಲ್ಲಿ ಎಲ್ಲರ ಬಾಯಿಗೂ ಕನ್ನಡ ಹಾಕಿದ್ದೇನೆ, ಕನ್ನಡ ಟೀಚರ್ ಅಲ್ಲವೇ.

ನಮ್ಮ ಕ್ರೈಸ್ತರ ಮದುವೆಗಳಲ್ಲಿ ಹಿಂದಿನ ದಿನ ಸಂಜೆ ರೋಸ್ ಎಂಬ ಶಾಸ್ತ್ರ ಉಂಟು. ಮದುಮಗಳನ್ನು ಕೂರಿಸಿ, ಹೆತ್ತವರು, ನೆಂಟರು ಒಬ್ಬೊಬ್ಬರಾಗಿ ತೆಂಗಿನ ಹಾಲು ಹಚ್ಚುತ್ತಾರೆ. ಹಚ್ಚುವಾಗ ವೊವಿಯೊ ಹಾಡಬೇಕು. ಒಬ್ಬ ಹೆಂಗಸು ಒಂದೊಂದು ಸಾಲು ಎತ್ತಿಕೊಡುತ್ತಾಳೆ, ಉಳಿದವರೆಲ್ಲ ಅದನ್ನು ತಿರುಗಿ ಹೇಳುತ್ತಾರೆ. ಹಳೆಯ ಸಾಲುಗಳ ಜೊತೆಗೆ ಆಗಲೇ ಹುಟ್ಟಿಸಿದ ಸಾಲುಗಳೂ ಇರುತ್ತವೆ. ಮದುಮಗಳ ಮೂಗು, ಮಾವನ ಹೊಟ್ಟೆ, ಅತ್ತೆಯ ಬಾಯಿ, ಯಾವುದನ್ನೂ ಬಿಡುವ ಕ್ರಮವಿಲ್ಲ. ಕಾರ್ಕಳದಿಂದ ಕಾಪುವಿನವರೆಗೆ ನಮ್ಮ ನೆಂಟರಿಷ್ಟರಲ್ಲಿ ಹಾಗೆ ಎತ್ತಿಕೊಡುವವಳು ನಾನು. ನನಗೆ ಕಲಿಸಿದ್ದು ನನ್ನ ಅತ್ತೆ. ನಾವೆಲ್ಲ ಅವರನ್ನು ಮಾಂಯ್ ಎನ್ನುತ್ತೇವೆ. ಮದುವೆಯಾಗಿ ಕುಕ್ಕುಂದೂರಿಗೆ ಬಂದ ಹೊಸದರಲ್ಲಿ ನನಗೂ ಅವರಿಗೂ ಹೊಂದಿಬಂದದ್ದು ಇದೊಂದೇ. ಈಗ ಅವರಿಗೆ ವಯಸ್ಸು ಎಂಬತ್ತು ದಾಟಿದೆ, ಕಿವಿ ಮಂದ. ಆದರೂ ಪ್ರತಿ ರೋಸಿನಲ್ಲಿ ಮುಂದಿನ ಕುರ್ಚಿಯಲ್ಲಿ ಕುಳಿತು ತಪ್ಪದೆ ದನಿಗೂಡಿಸುತ್ತಿದ್ದರು.

ಹೋದ ವರ್ಷ ಮೇ ತಿಂಗಳಲ್ಲಿ ಕಾಪುವಿನ ನನ್ನ ತವರಿನಲ್ಲಿ ಅಣ್ಣನ ಮಗಳ ರೋಸ್ ಆಯಿತು. ಮರುದಿನ ನನ್ನ ಮಗಳು ರೀಮಾ ಫೋನಿನಲ್ಲಿ ವಿಡಿಯೊ ನೋಡುತ್ತಿದ್ದವಳು ನಿಲ್ಲಿಸಿದಳು, ಹಿಂದೆ ಹೋದಳು, ಪುನಃ ನೋಡಿದಳು.

"ಮಮ್ಮಿ, ನಿನ್ನ ಕುತ್ತಿಗೆಯಲ್ಲಿ ಇದು ಎಂತ?"

"ಸರ," ಎಂದೆ.

"ಸರದ ಮೇಲೆ. ನೀನು ಉಗುಳು ನುಂಗುವಾಗ ಒಂದು ಗಂಟು ಮೇಲೆ ಕೆಳಗೆ ಹೋಗುತ್ತದೆ, ನೋಡು."

ನೋಡಿದೆ. ಹೌದು, ಹೋಗುತ್ತಿತ್ತು. ಅಷ್ಟು ಜನರ ಮುಂದೆ, ಅಷ್ಟು ಜೋರಾಗಿ ಹಾಡುತ್ತಾ, ಅದನ್ನು ಕುತ್ತಿಗೆಯಲ್ಲಿ ಇಟ್ಟುಕೊಂಡು ಎಲ್ಲರನ್ನೂ ನಗಿಸುತ್ತಿದ್ದೆ. ರೀಮಾಳಿಗೆ ಆಗಲೇ ಉಡುಪಿಯ ಹುಡುಗನೊಂದಿಗೆ ನಿಶ್ಚಯವಾಗಿತ್ತು, ಕ್ರಿಸ್ಮಸ್ ಕಳೆದ ಕೂಡಲೇ ಮದುವೆ. ಮುಂದಿನ ರೋಸ್ ಅವಳದ್ದೇ.

ಕಾರ್ಕಳದ ಡಾಕ್ಟರರು ಕುತ್ತಿಗೆ ಮುಟ್ಟಿ ನೋಡಿ ಮಣಿಪಾಲಕ್ಕೆ ಬರೆದುಕೊಟ್ಟರು. ಹಾಗೆ ಶುರುವಾಯಿತು ನಮ್ಮ ಮಣಿಪಾಲದ ಓಡಾಟ. ನನ್ನ ಗಂಡ ವಿಲ್ಲಿ ಬಹಳ ವರ್ಷ ಕುವೈತಿನಲ್ಲಿದ್ದು ಊರಿಗೆ ಬಂದವರು. ಮರುಭೂಮಿಯ ಬಿಸಿಲಿಗೆ ಹೆದರದ ಮನುಷ್ಯ ಆಸ್ಪತ್ರೆಯ ಕಾರಿಡಾರಿನಲ್ಲಿ ಮಗುವಿನ ಹಾಗೆ ನನ್ನ ಸೆರಗಿನ ಹಿಂದೆ ನಡೆಯುತ್ತಿದ್ದರು. ಸೂಜಿ ಚುಚ್ಚಿ ತೆಗೆದ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದ ದಿನ ಅವರು ಕಾರು ತೊಳೆದರು. ಮಳೆ ಸುರಿಯುತ್ತಿತ್ತು, ಆದರೂ ತೊಳೆದರು. ನಾನು ಕಿಟಕಿಯಲ್ಲಿ ನಿಂತು ನೋಡಿದೆ.

ಆ ಕಾಯುವ ಕುರ್ಚಿಗಳಲ್ಲೇ ನನಗೆ ಗಿರಿಜಕ್ಕ ಸಿಕ್ಕಿದ್ದು. ಸಂತೆಕಟ್ಟೆಯಲ್ಲಿ ಸೀರೆ ಅಂಗಡಿ ಇಟ್ಟವರು. ಕುತ್ತಿಗೆಯ ಇಂಥದ್ದೇ ಗಂಟಿಗೆ ಹಿಂದೆಯೇ ಆಪರೇಷನ್ ಆಗಿ ಈಗ ವರ್ಷಕ್ಕೊಮ್ಮೆ ತಪಾಸಣೆಗೆ ಬರುತ್ತಾರೆ. ನನ್ನ ಊರು, ಕೆಲಸ ವಿಚಾರಿಸಿ, ನಾನು ಡಾಕ್ಟರರ ಬಾಗಿಲನ್ನೇ ನೋಡುತ್ತಿದ್ದುದನ್ನು ಕಂಡು ಪಕ್ಕಕ್ಕೆ ಸರಿದು ಕುಳಿತರು.

"ಟೀಚರ್, ಆ ಬಾಗಿಲನ್ನು ನೋಡಬೇಡಿ. ಕೆಳಗೆ ನೋಡಿ. ಚಪ್ಪಲಿ ನೋಡಿ ಊರು ಹೇಳಿ, ನೋಡುವ."

"ಚಪ್ಪಲಿ ನೋಡಿ ಊರು ಗೊತ್ತಾಗುತ್ತದಾ?"

"ಗೊತ್ತಾಗುವುದಿಲ್ಲ. ಆದರೆ ಹೊತ್ತು ಹೋಗುತ್ತದೆ."

ಕೆಂಪು ಮಣ್ಣು ಮೆತ್ತಿದ್ದರೆ ನಮ್ಮ ಕಡೆಯವರು, ಮರಳು ಅಂಟಿದ್ದರೆ ಕಾಪು, ಮಲ್ಪೆ ಕಡೆಯವರು, ಹೊಸ ಬೂಟು ಹಾಕಿದ್ದರೆ ಗಲ್ಫಿನಿಂದ ಓಡಿಬಂದ ಮಗ. ನಾವು ಹೇಳಿದ್ದರಲ್ಲಿ ಹೆಚ್ಚಿನದೂ ತಪ್ಪು. ಗಿರಿಜಕ್ಕ ಸಂಕೋಚವಿಲ್ಲದೆ ಅವರವರನ್ನೇ ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ನನ್ನ ಹೆಸರು ಕರೆದಾಗ ನಾವು ಒಬ್ಬ ಅಜ್ಜನ ಹವಾಯಿ ಚಪ್ಪಲಿಯ ಬಗ್ಗೆ ಜಗಳವಾಡುತ್ತಿದ್ದೆವು. ಹೆದರುವುದಕ್ಕೆ ಪುರುಸೊತ್ತೇ ಆಗಲಿಲ್ಲ. ಈಗಲೂ ಯಾವ ಆಸ್ಪತ್ರೆಗೆ ಹೋದರೂ ನಾನು ಮೊದಲು ನೋಡುವುದು ಚಪ್ಪಲಿಗಳನ್ನು.

ಫಲಿತಾಂಶ ಕ್ಯಾನ್ಸರ್ ಎಂದೇ ಬಂತು, ಥೈರಾಯ್ಡಿನದ್ದು. ಸರ್ಜನ್ ಒಬ್ಬಳು ಹುಡುಗಿ, ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸಿನವಳು. "ಇದು ಒಳ್ಳೆಯ ಜಾತಿಯ ಕ್ಯಾನ್ಸರ್ ಮೇಡಂ," ಎಂದಳು. ಕ್ಯಾನ್ಸರಿನಲ್ಲಿಯೂ ಒಳ್ಳೆಯ ಮನೆತನದ್ದು ಉಂಟು ಎಂದು ನನಗೆ ಅಂದೇ ಗೊತ್ತಾದದ್ದು. ವಿಲ್ಲಿ "ಜೀವಕ್ಕೆ ತೊಂದರೆ ಇಲ್ಲವಲ್ಲ?" ಎಂದು ಕೇಳಿದರು. ನಾನು ಕೇಳಿದ್ದು ಬೇರೆ.

"ಹಾಡಬಹುದಾ?"

ಅವಳು ಪೆನ್ನು ಕೆಳಗಿಟ್ಟಳು. "ಸ್ವರದ ನರ ಥೈರಾಯ್ಡಿನ ಹಿಂದೆಯೇ ಹೋಗುತ್ತದೆ. ನಾವು ಜಾಗ್ರತೆ ಮಾಡುತ್ತೇವೆ. ಆದರೆ ನಿಮ್ಮದರಲ್ಲಿ ಗಂಟು ನರಕ್ಕೆ ತಾಗಿಕೊಂಡ ಹಾಗೆ ಉಂಟು. ಮಾತಾಡಬಹುದು. ಹಾಡುವುದನ್ನು ಈಗ ಹೇಳಲಿಕ್ಕೆ ಆಗುವುದಿಲ್ಲ."

ಸುಳ್ಳು ಧೈರ್ಯ ಹೇಳಲಿಲ್ಲವಲ್ಲ, ಅದಕ್ಕೆ ಅವಳ ಮೇಲೆ ನನಗೆ ಇಂದಿಗೂ ಪ್ರೀತಿ. ಸಾಯುವ ಭಯ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ ಅದು ಬಹಳ ದೊಡ್ಡದು, ಕೈಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ. ಮಗಳ ರೋಸಿನಲ್ಲಿ ಮೂಕಿಯ ಹಾಗೆ ಕುಳಿತುಕೊಳ್ಳುವ ಭಯ ಹಿಡಿತಕ್ಕೆ ಸಿಗುವಂಥದ್ದು. ನಾನು ಅದನ್ನೇ ಹಿಡಿದುಕೊಂಡೆ.

ಆಪರೇಷನ್ನಿಗೆ ಸೇರುವ ಹಿಂದಿನ ದಿನ ವಿಲ್ಲಿ ಕಾರನ್ನು ಕಾಪುವಿನ ಕಡೆ ತಿರುಗಿಸಿದರು. ಜುಲೈ ತಿಂಗಳು. ದೀಪಸ್ತಂಭದ ಬಳಿ ಒಬ್ಬ ಪ್ರವಾಸಿಯೂ ಇಲ್ಲ, ಚರುಮುರಿ ಗಾಡಿಗಳಿಗೆ ಟಾರ್ಪಾಲು ಸುತ್ತಿತ್ತು, ಸಮುದ್ರ ಮೈಮೇಲೆ ಬಂದ ಹಾಗೆ ಕುದಿಯುತ್ತಿತ್ತು. ನೀರಿನಿಂದ ದೂರ, ಮರಳಿನಲ್ಲಿ ನಿಂತೆವು. ಅವರು ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದರು.

"ಹಾಡು ಸಿಲಿನ್. ನಾನು ರೆಕಾರ್ಡ್ ಮಾಡುತ್ತೇನೆ. ಎಲ್ಲವನ್ನೂ ಹಾಡು."

ಹಾಡಿದೆ. ಮಾಂಯ್ ಕಲಿಸಿದ್ದು, ನಾನು ಹುಟ್ಟಿಸಿದ್ದು, ಯಾವ ಯಾವ ಮನೆಯ ಚಪ್ಪರದಲ್ಲೋ ಹೇಳಿ ಮರೆತದ್ದು, ನೆನಪಿಗೆ ಬಂದದ್ದನ್ನೆಲ್ಲ ಹಾಡಿದೆ. ವಿಲ್ಲಿಗೆ ರಾಗ ಎಂದರೆ ಏನೆಂದು ದೇವರೇ ಹೇಳಿಕೊಡಬೇಕು, ಆದರೂ ಪ್ರತಿ ಸಾಲನ್ನೂ ತಿರುಗಿ ಹೇಳಿದರು. ಕೊಡೆ ಗಾಳಿಗೆ ಮಗುಚಿಹೋಯಿತು. ಇಬ್ಬರೂ ನೆನೆದು ತೊಪ್ಪೆಯಾಗಿ ಕಾರಿನಲ್ಲಿ ಕುಳಿತು ಫೋನು ಹಾಕಿ ಕೇಳಿದರೆ ಬರೀ ಸಮುದ್ರ. ಮೊದಲಿನಿಂದ ಕೊನೆಯವರೆಗೆ ಗಾಳಿ ಮತ್ತು ಸಮುದ್ರ. ವಿಲ್ಲಿ ಸ್ಟೀರಿಂಗಿನ ಮೇಲೆ ತಲೆ ಇಟ್ಟು ಅತ್ತರು. ನಾನು ಅವರ ಬೆನ್ನು ಸವರುತ್ತಾ ಕುಳಿತೆ. ಮದುವೆಯಾದ ಇಷ್ಟು ವರ್ಷಗಳಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಸಂಜೆ ನನಗೆ ನನ್ನ ಎಲ್ಲ ರೋಸ್‌ಗಳಿಗಿಂತ ಪ್ರಿಯ.

ಆಪರೇಷನ್ ಮುಗಿದು ಕಣ್ಣು ಬಿಟ್ಟಾಗ ಎದುರಿಗೆ ರೀಮಾ ಇದ್ದಳು. ಅವಳ ಹೆಸರು ಕರೆದೆ. ಬಾಯಿ ಆಡಿತು, ಬಂದದ್ದು ಗಾಳಿ ಮಾತ್ರ. ಅವಳು ಮುಖ ಆಚೆ ತಿರುಗಿಸಿ ನೀರಿನ ಬಾಟಲಿ ಹುಡುಕುವ ನಾಟಕ ಮಾಡಿದಳು. ನರ ತುಂಡಾಗಿಲ್ಲ, ಪೆಟ್ಟಾಗಿದೆ, ತಿಂಗಳುಗಳು ಹೋಗಬಹುದು, ಹಿಂದಿನ ಹಾಗೆ ಆಗದೆಯೂ ಇರಬಹುದು ಎಂದು ಸರ್ಜನ್ ಹೇಳಿದಳು.

ಪಿಸುಮಾತಿನಲ್ಲಿ ಬದುಕುವುದರಲ್ಲಿ ಒಂದು ತಮಾಷೆ ಉಂಟು. ನೀವು ಪಿಸುಗುಟ್ಟಿದರೆ ಎದುರಿನವರೂ ಪಿಸುಗುಟ್ಟುತ್ತಾರೆ. ಮೀನಿನವಳು ನನ್ನ ಕಿವಿಯ ಹತ್ತಿರ ಬಂದು, ಇವತ್ತು ಬಂಗುಡೆ ಇಲ್ಲ ಎಂಬುದನ್ನು ಪರಮ ರಹಸ್ಯದ ಹಾಗೆ ಹೇಳಿದಳು. ಪಾದ್ರಿಗಳು ನನ್ನನ್ನು ನೋಡಲು ಬಂದು ಪಾಪನಿವೇದನೆಯ ದನಿಯಲ್ಲಿ ಕ್ಷೇಮ ಕೇಳಿದರು. ಮನೆಯಲ್ಲಿ ಮಾತ್ರ ಫಜೀತಿ. ನನಗೆ ಸ್ವರ ಇಲ್ಲ, ಮಾಂಯ್‌ಗೆ ಕಿವಿ ಇಲ್ಲ. ಅಡುಗೆಮನೆಯಲ್ಲಿ ನಾನು ಕೈಸನ್ನೆಯಲ್ಲಿ ಜೀರಿಗೆ ಕೇಳಿದರೆ ಅವರು ಕೊತ್ತಂಬರಿ ಕೊಟ್ಟು, ಹಾಗೆಯೇ ದಿನ ದೂಡಿದೆವು. "ನನ್ನ ಮನೆಗೆ ಕೊನೆಗೂ ಶಾಂತಿ ಬಂತು," ಎಂದು ವಿಲ್ಲಿ ತಮಾಷೆ ಮಾಡಿದರು. ಮಾಡಿದ ಮೇಲೆ ಅವರೇ ನಗಲಿಲ್ಲ.

ಗಂಟಿನ ಉಳಿದ ಚೂರುಪಾರು ಸುಡಲು ವಿಕಿರಣದ ಅಯೋಡಿನ್ ಇರುವ ಒಂದು ಔಷಧಿ ಕುಡಿಸುತ್ತಾರೆ, ಕುಡಿದವರ ಮೈಯಿಂದಲೂ ಕೆಲವು ದಿನ ವಿಕಿರಣ ಹೊರಡುತ್ತದೆ. ಅದಕ್ಕೆ ಮೊದಲು ಕೆಲವು ವಾರ ಪಥ್ಯ. ಅಯೋಡಿನ್ ಇಲ್ಲದ ಬೇರೆ ಉಪ್ಪು, ಮೀನು ಬೇಡ, ಸಮುದ್ರದ್ದು ಯಾವುದೂ ಬೇಡ. ಕಾಪುವಿನಲ್ಲಿ ಹುಟ್ಟಿದವಳಿಗೆ ಈ ಮಾತು ಹೇಳುವುದು ಸುಲಭವಲ್ಲ, ಆದರೆ ನಾನು ತಲೆಯಾಡಿಸಿದೆ. ಪಥ್ಯದ ಉಸ್ತುವಾರಿಯನ್ನು ಮಾಂಯ್ ವಹಿಸಿಕೊಂಡರು. ಮೀನಿನವಳನ್ನು ಗೇಟಿನಿಂದಲೇ ಓಡಿಸಿದರು. ಆಪರೇಷನ್ ಆದ ಮೇಲೆ ದಿನಾ ತಿನ್ನಬೇಕಾದ ಥೈರಾಯ್ಡ್ ಮಾತ್ರೆಯನ್ನೂ ಇದಕ್ಕಾಗಿ ನಿಲ್ಲಿಸಿದ್ದರಿಂದ ನಾನು ಮಂಕು ಹಿಡಿದವಳ ಹಾಗೆ ಬಿದ್ದುಕೊಂಡಿರುತ್ತಿದ್ದೆ. ದಿನಾ ಗಂಜಿ ಮಾಡಿ, ಜೊತೆಗೆ ಚಟ್ನಿ ಅರೆದು ಎದುರಿಗೆ ಕುಳಿತು ಉಣಿಸಿದರು. ಔಷಧಿಯ ದಿನ ಮಣಿಪಾಲಕ್ಕೂ ಬಂದರು. ಸಿಸ್ಟರ್ ಒಬ್ಬಳು ಕುಳಿತು ಎಲ್ಲ ಪ್ರಶ್ನೆ ಕೇಳಿದಳು. ನನ್ನ ಪಿಸುಮಾತು ಅವಳಿಗೆ ತಿಳಿಯದಾಗ ರೀಮಾ ಜೋರಾಗಿ ಮಾಂಯ್‌ಗೆ ದಾಟಿಸಿದಳು.

"ಮೀನು ತಿಂದಿಲ್ಲ ಅಲ್ವಾ ಎಂದು ಕೇಳುತ್ತಾರೆ, ಅಜ್ಜಿ."

"ಮೀನಾ? ಮನೆಯೊಳಗೇ ಬಿಡಲಿಲ್ಲ ನಾನು," ಎಂದರು ಮಾಂಯ್ ಹೆಮ್ಮೆಯಿಂದ. "ದಿನಾ ಗಂಜಿ, ಒಣ ಸೀಗಡಿ ಚಟ್ನಿ. ಬೇರೆ ಏನೂ ಇಲ್ಲ."

ಸಿಸ್ಟರ್ ಪೆನ್ನು ಎತ್ತಿ ನಮ್ಮಿಬ್ಬರ ಮುಖ ನೋಡಿದಳು. ಕೇರಳದವಳು, ಅವಳಿಗೆ ಕೂಡಲೇ ಅರ್ಥವಾಯಿತು.

ಚಟ್ನಿಯಲ್ಲಿ ಸೀಗಡಿ ಇದ್ದದ್ದು ನನಗೆ ಗೊತ್ತಿರಲಿಲ್ಲವೇ? ಗೊತ್ತಿಲ್ಲದೆ ಹೇಗೆ? ಚೆನ್ನಾಗಿ ಗೊತ್ತಿತ್ತು, ಬೆರಳು ಚೀಪಿ ತಿಂದಿದ್ದೆ. ಆದರೆ ಅದು ಮೀನು ಎಂದು ನನಗೂ ಹೊಳೆದಿರಲಿಲ್ಲ. ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯದಿದ್ದಾಗ ನಮ್ಮ ಮನೆಗಳಲ್ಲಿ ಹೇಳುವುದು "ಇವತ್ತು ಮೀನಿಲ್ಲ, ಸೀಗಡಿ ಚಟ್ನಿ ಅರೆ" ಎಂದು. ಮೀನಿಲ್ಲದ ದಿನ ತಿನ್ನುವುದು ಮೀನು ಹೇಗಾಗುತ್ತದೆ? ಬಿ.ಎಡ್ ಮಾಡಿದ ನಾನೂ, ಶಾಲೆಯ ಮುಖ ಸರಿಯಾಗಿ ನೋಡದ ಮಾಂಯ್ ಕೂಡ ಈ ತರ್ಕದಲ್ಲಿ ಒಂದೇ ತರಗತಿಯವರು. ಡಾಕ್ಟರು ನಕ್ಕರು, ನಕ್ಕು ಔಷಧಿಯನ್ನು ಮೂರು ವಾರ ಮುಂದೆ ಹಾಕಿದರು.

ಮಾಂಯ್ ಮನೆಗೆ ಬಂದವರೇ ಸೀಗಡಿಯ ಡಬ್ಬವನ್ನು ಪಕ್ಕದ ಮನೆಗೆ ಕೊಟ್ಟರು. ಅಂದಿನಿಂದ ನನ್ನ ಪಥ್ಯ ಮುಗಿಯುವವರೆಗೆ ಅವರೂ ಸೀಗಡಿಯನ್ನಾಗಲಿ ಒಣಮೀನನ್ನಾಗಲಿ ಮುಟ್ಟಲಿಲ್ಲ. ನನಗೆ ಇದನ್ನು ಹೇಳಿದ್ದು ವಿಲ್ಲಿ. ಕಡಲಿನದ್ದು ಏನಾದರೂ ಇಲ್ಲದೆ ಒಂದು ತುತ್ತು ಇಳಿಯದ ಮುದುಕಿ ಅವರು. ಕೇಳಿ ನನಗೆ ಎಷ್ಟು ದುಃಖವಾಯಿತೆಂದರೆ, ಅವರ ಹತ್ತಿರ ಹೋಗಿ ಕಿವಿಯಲ್ಲಿ "ಮಾಂಯ್, ತಿನ್ನಿ," ಎಂದೆ. ಅವರಿಗೆ ಕೇಳಲಿಲ್ಲವೋ, ಕೇಳದ ಹಾಗೆ ಮಾಡಿದರೋ ಗೊತ್ತಿಲ್ಲ.

ಮುಂದೆ ಹಾಕಿದ್ದರಿಂದ ಆದದ್ದೇನೆಂದರೆ, ಔಷಧಿ ಕುಡಿದು ಆಸ್ಪತ್ರೆಯಿಂದ ಬಂದು ನಾನು ಯಾರ ಹತ್ತಿರವೂ ಹೋಗದೆ ಒಂದು ಕೋಣೆಯಲ್ಲಿ ಇರಬೇಕಾದ ದಿನಗಳಿಗೆ ಸರಿಯಾಗಿ ಮೊಂತಿ ಹಬ್ಬ ಬಂತು. ನಮಗೆ ಅದು ಹೊಸ ಅಕ್ಕಿಯ ಹಬ್ಬ. ಇಗರ್ಜಿಯಲ್ಲಿ ಹರಸಿ ಕೊಟ್ಟ ತೆನೆಯ ಅಕ್ಕಿಯನ್ನು ತೆಂಗಿನ ಹಾಲಿಗೆ ಹಾಕಿ ಮನೆಯವರೆಲ್ಲ ಒಟ್ಟಿಗೆ ಕುಳಿತು ತೆಗೆದುಕೊಳ್ಳಬೇಕು. ಪರವೂರಿನಲ್ಲಿ ಇರುವವರಿಗೂ ಪಾಲು ಕಳಿಸುತ್ತೇವೆ, ಕುವೈತಿಗೆ ವಿಲ್ಲಿಯ ಪಾಲು ಹೋಗುತ್ತಿತ್ತು. ಆ ವರ್ಷ ನನ್ನ ಪಾಲು ಊಟದ ಕೋಣೆಯಿಂದ ಹಿಂದಿನ ಕೋಣೆಯ ಹೊಸ್ತಿಲಿಗೆ ಬಂತು. ಬಾಗಿಲ ಹೊರಗೆ ಸ್ಟೂಲಿನ ಮೇಲೆ ಬಟ್ಟಲು ಇಟ್ಟು ಮಾಂಯ್ ದೂರ ಸರಿದರು. ನಾನು ತೆಗೆದುಕೊಂಡು ಬಾಗಿಲು ಹಾಕಿದೆ. ನಾನು ಬಾಯಿಗೆ ಹಾಕುವವರೆಗೆ ಊಟದ ಕೋಣೆಯಲ್ಲಿ ಯಾರೂ ಶುರು ಮಾಡಲಿಲ್ಲವೆಂದು ಆಮೇಲೆ ತಿಳಿಯಿತು. ಆಯಿತೆಂದು ತಿಳಿಸಲು ಸ್ವರವಿಲ್ಲದೆ ನಾನು ಬಾಗಿಲು ತಟ್ಟಿದೆ.

ಆ ತಟ್ಟುವಿಕೆ ಮಾಂಯ್‌ಗೆ ಹಿಡಿಸಿತು. ಕಿವಿಗೆ ಕೇಳದಿದ್ದರೂ, ಕದಕ್ಕೆ ಒಂದು ಕೋಲು ತಾಗಿಸಿ ಹಿಡಿದರೆ ಅದರ ಅದುರು ಅವರ ಕೈಗೆ ಸಿಗುತ್ತಿತ್ತು. ಮರುದಿನದಿಂದ ದಿನಾ ಮಧ್ಯಾಹ್ನ ಊಟವಾದ ಮೇಲೆ ಹಿಂದಿನ ಜಗಲಿಯಲ್ಲಿ, ಬಾಗಿಲಿಂದ ದೂರ ಕುರ್ಚಿ ಹಾಕಿ ಕೂತರು, ಉದ್ದದ ಕೋಲನ್ನು ಕದಕ್ಕೆ ತಾಗಿಸಿದರು.

"ಬಾಯೆ," ಎಂದರು, ಸೊಸೆಯನ್ನು ಮುದ್ದಿನಿಂದ ಕರೆಯುವ ಕ್ರಮ ಅದು. "ಮಗಳ ರೋಸ್ ಬರುತ್ತಾ ಉಂಟು. ಸಾಲು ಮರೆಯಬಾರದು. ನಾನು ಎತ್ತಿಕೊಡುತ್ತೇನೆ, ನೀನು ಒಳಗೆ ಹೇಳು. ಹೇಳಿ ಆದ ಮೇಲೆ ತಟ್ಟು."

ಅವರು ಹಾಡಿದರು, ಆ ನಡುಗುವ ದನಿಯಲ್ಲಿ. ನಾನು ಮಂಚದ ಮೇಲೆ ಕುಳಿತು ಗಾಳಿಯಲ್ಲಿ ತಿರುಗಿ ಹೇಳಿದೆ, ಎದ್ದು ಬಾಗಿಲು ತಟ್ಟಿದೆ. ಅವರು ಮುಂದಿನ ಸಾಲಿಗೆ ಹೋದರು. ಒಬ್ಬಳ ಸ್ವರ ಇನ್ನೊಬ್ಬಳಿಗೆ ಕೇಳಬೇಕಾದ ಅಗತ್ಯವೇ ಇರಲಿಲ್ಲ. ನನಗೆ ಮದುವೆಯಾದ ಹೊಸದರಲ್ಲಿ ಇದೇ ಜಗಲಿಯಲ್ಲಿ ಅವರು ಮೀನು ಸೀಳುತ್ತಾ, ನಾನು ತೆಂಗಿನಕಾಯಿ ತುರಿಯುತ್ತಾ ಕಲಿತ ಸಾಲುಗಳು. ಯಾವತ್ತೋ ಒಂದು ಮಧ್ಯಾಹ್ನ, ಗಾಳಿಯ ನಡುವೆ ನನ್ನ ಗಂಟಲಲ್ಲಿ ಏನೋ ಗೊರಕ್ ಎಂದಿತು. ಎತ್ತಿನ ಗಾಡಿಯ ಚಕ್ರ ತಿರುಗಿದ ಹಾಗೆ. ಸುಂದರವಾಗಿರಲಿಲ್ಲ. ಆದರೆ ಅದು ಸ್ವರ. ನಾನು ಬಾಗಿಲು ತಟ್ಟುವುದನ್ನು ಮರೆತು ಅಳುತ್ತಾ ನಿಂತೆ. ಹೊರಗಿನಿಂದ ಮಾಂಯ್ "ಎಂತ, ನಿದ್ದೆ ಬಂತಾ?" ಎಂದು ಗದರಿದರು.

ಆಮೇಲೆ ಸ್ವರ ಬೆಳೆಯಿತು. ಆದರೆ ಮೇಲೆ ಏರಲಿಲ್ಲ. ನವೆಂಬರಿಗೆ ಶಾಲೆಗೆ ಹೋಗುವಷ್ಟು ಬಂತು. ಹಳೆಯ ಎತ್ತರದ ದನಿ, ಚಪ್ಪರದ ಕೊನೆಯವರೆಗೆ ಸೂಜಿಯ ಹಾಗೆ ಹೋಗುತ್ತಿದ್ದ ದನಿ, ಬರಲೇ ಇಲ್ಲ. ಡಿಸೆಂಬರಿನಲ್ಲಿ ನಾನೇ ಫೋನು ಮಾಡಿ ಕಾಪುವಿನ ಅಣ್ಣನ ಸೊಸೆ ಲವೀನಾಳಿಗೆ ರೋಸಿನ ಹಾಡು ಒಪ್ಪಿಸಿದೆ. ಚಿಕ್ಕವಳು, ಚಂದದ ದನಿ, ಧೈರ್ಯವೂ ಉಂಟು. ಒಪ್ಪಿಸಿ ಫೋನು ಇಟ್ಟು ಕುಸ್ವಾರಿನ ಹಿಟ್ಟು ನಾದಿದೆ. ಅಷ್ಟು ಗಟ್ಟಿಯಾಗಿ ಯಾವ ವರ್ಷವೂ ನಾದಿರಲಿಲ್ಲ.

ರೋಸಿನ ಸಂಜೆ ಅಂಗಳದಲ್ಲಿ ಚಪ್ಪರ ತುಂಬಿತ್ತು. ಗಿರಿಜಕ್ಕ ಸಂತೆಕಟ್ಟೆಯಿಂದ ಬಂದು, ನನ್ನ ಕುತ್ತಿಗೆಯ ಗೆರೆ ಮುಚ್ಚುವ ಹಾಗೆ ಸೆರಗು ಹೊದಿಸಿ, ಆಮೇಲೆ "ಬೇಡ, ಕಾಣಲಿ," ಎಂದು ಅವರೇ ತೆಗೆದರು. ರೀಮಾ ನಡುವೆ ಕುಳಿತಳು. ಪ್ರಾರ್ಥನೆ ಆಯಿತು. ಲವೀನಾ ಮೊದಲ ಸಾಲುಗಳನ್ನು ಹಾಡಿದಳು, ಚೆನ್ನಾಗಿಯೇ ಹಾಡಿದಳು. ಹೆಂಗಸರು ತಿರುಗಿ ಹೇಳಿದರು. ಹೆತ್ತವರ ಸರದಿ ಬಂತು. ನಾನು ಬಟ್ಟಲಿನಲ್ಲಿ ಕೈ ಅದ್ದಿ ಮಗಳ ನೆತ್ತಿಗೆ ತೆಂಗಿನ ಹಾಲು ಇಟ್ಟೆ. ಅದು ಅವಳ ಹಣೆಯಿಂದ ಮೂಗಿಗೆ ಇಳಿಯಿತು. ಅವಳು ಕಣ್ಣು ಮುಚ್ಚಿಕೊಂಡೇ ನನ್ನ ಮಣಿಕಟ್ಟು ಹಿಡಿದಳು.

"ಮಮ್ಮಿ, ನೀನು ಹೇಳು."

"ಸ್ವರ ಸರಿ ಇಲ್ಲ ಮಗಾ."

"ಇದ್ದದ್ದರಲ್ಲಿ ಹೇಳು. ನನಗೆ ಬೇರೆಯವರದ್ದು ಬೇಡ."

ಕೈ ಹಿಡಿದವಳು ಬಿಡಲಿಲ್ಲ. ಲವೀನಾ ಮೈಕನ್ನು ನನ್ನ ಬಾಯಿಯ ಹತ್ತಿರ ಹಿಡಿದಳು. ನಾನು ಎತ್ತಿದೆ. ತೆಂಗಿನ ಹಾಲು ಬಿಳಿ, ಮಗಳ ಕೆನ್ನೆ ಕೆಂಪು, ಅಜ್ಜಿ ಸಾಕಿದ ಹುಡುಗಿಗೆ ಅಪ್ಪನದ್ದೇ ಮೂಗು, ಎಂಬ ಅರ್ಥದ ಒಂದು ಸಾಲು. ಬಾವಿಯ ತಳದಿಂದ ಬಂದ ಹಾಗೆ ಬಂತು. ಹಿಂದೆ ಯಾರೋ "ಮೈಕ್ ಹಾಳಾಯಿತಾ?" ಎಂದದ್ದು ಕೇಳಿಸಿತು. ಹೆಂಗಸರು ಒಂದು ಗಳಿಗೆ ತಡವರಿಸಿದರು. ಎಲ್ಲಿಂದ ಹಿಡಿಯಬೇಕೆಂದು ಯಾರಿಗೂ ತಿಳಿಯಲಿಲ್ಲ. ನನ್ನ ಕಿವಿ ಬಿಸಿಯಾಯಿತು, ಸಾಕು ಎಂದು ಬಟ್ಟಲು ಕೆಳಗಿಡಲು ಬಗ್ಗಿದೆ.

ಆಗ ಮುಂದಿನ ಕುರ್ಚಿಯಿಂದ ಒಂಟಿ ದನಿಯೊಂದು ನನ್ನ ಸಾಲನ್ನು ತಿರುಗಿ ಹೇಳಿತು. ಮಾಂಯ್. ಕಣ್ಣು ಮುಚ್ಚಿ ಕುಳಿತಿದ್ದರು. ಒಂದು ಶಬ್ದ ತಪ್ಪಿರಲಿಲ್ಲ, ಮೂಗಿನ ಮಾತೂ ಸೇರಿ. ಅದು ಆಗಲೇ ಹುಟ್ಟಿಸಿದ ಸಾಲು, ಮೊದಲೇ ಗೊತ್ತಿರಲು ಸಾಧ್ಯವಿಲ್ಲ. ಅವರ ಹಿಂದೆ ಉಳಿದವರು ದನಿಗೂಡಿಸಿದರು.

ಹಾಡು ನಿಂತಾಗ ಅವರು ನನ್ನ ಸೆರಗು ಹಿಡಿದು ಬಗ್ಗಿಸಿದರು.

"ಬಾಯೆ, ಇಷ್ಟು ವರ್ಷ ನಾನು ನಿನ್ನ ಬಾಯಿ ನೋಡಿ ಹೇಳುತ್ತಿದ್ದದ್ದು. ಕಿವಿ ಹೋದ ಮೇಲೆ ನಿನ್ನ ಆ ಸಪೂರ ಸ್ವರ ನನಗೆ ಸಿಗುತ್ತಲೇ ಇರಲಿಲ್ಲ, ಎಲ್ಲೋ ಮೇಲೆ ಹೋಗುತ್ತಿತ್ತು. ನಿನಗೆ ಬೇಸರ ಆಗಬಹುದು ಎಂದು ಹೇಳಲಿಲ್ಲ. ಈ ದಪ್ಪ ಸ್ವರ ಕೇಳುತ್ತದೆ. ಇನ್ನೊಂದು ಹೇಳು."

ಲವೀನಾ ಮೈಕ್ ಹಿಡಿದುಕೊಂಡು ತನ್ನ ಸರದಿಗೆ ಕಾಯುತ್ತಿದ್ದಳು. ಕಾಯಲಿ ಎಂದು ನಾನು ಇನ್ನೊಂದು ಹೇಳಿದೆ.